ಡಿಡ್ ಒಂದೇ ಸಾಕು

ನವೆಂಬರ್ 3, ಬೆಳಿಗ್ಗೆ 7.50, ನಿಟ್ಟೂರು ಬಸ್ಸು

ಮತ್ತೆ ಟೆನ್ಸ್. ತುಮಕೂರು ಬಿಟ್ಟು ಗುಬ್ಬಿ ದಾಟುವುದರೊಳಗೆ ಎರಡು ವಿಡಿಯೊ ನೋಡಿದೆ. ದಿನಾ ಬರ್ತೀನಿ, ನಾಳೆ ಬರ್ತೀನಿ — ನಮಗೆ ಎರಡಕ್ಕೂ ಒಂದೇ ಮಾತು. ಇಂಗ್ಲಿಷಿನವರಿಗೆ ಒಂದೊಂದಕ್ಕೂ ಬೇರೆ ಡಬ್ಬಿ. ಹದಿನೆಂಟು ವರ್ಷ ಕನ್ನಡದಲ್ಲಿ ಪಾಠ ಮಾಡಿದವಳ ಕೊರಳಿಗೆ ಈ ವರ್ಷ ಆರನೇ ತರಗತಿ ಇಂಗ್ಲಿಷ್ ಮೀಡಿಯಂ ಕಟ್ಟಿದ್ದಾರೆ. ‘ಐ ಡಿಡ್ ನಾಟ್ ವೆಂಟ್’ ತಪ್ಪಂತೆ. ನಿನ್ನೆಯ ಮಾತು ತಾನೇ? ವೆಂಟ್ ಯಾಕೆ ಮತ್ತೆ ಗೋ ಆಗಬೇಕು? ಮಕ್ಕಳು ಕೇಳಿದರೆ ಬೋರ್ಡು ಒರೆಸುತ್ತಾ ನಿಲ್ಲುತ್ತೇನೆ.

ನವೆಂಬರ್ 7

ನನ್ನ ಕ್ಲಾಸಿನ ದೀಪಿಕಾಳ ತಾಯಿ ವನಜಮ್ಮ ಬಂದಿದ್ದರು. ಮಗಳನ್ನು ಕನ್ನಡ ವಿಭಾಗಕ್ಕೆ ಹಾಕಿ ಎಂದು ನಾನೇ ಹೇಳಿಕಳಿಸಿದ್ದೆ. ಹಿಂದಿನ ಬೆಂಚು, ಏನೂ ಹತ್ತುತ್ತಿಲ್ಲ ಎಂದೆ. ಹಸುವಿನ ಹತ್ತಿರವೂ ಇಂಗ್ಲಿಷ್ ಮಾತಾಡುತ್ತಾಳೆ, ಮಾರ್ಕ್ಸ್ ಕೂಡ ಬಂದಿದೆಯಲ್ಲ ಎಂದರು. ಕಾಪಿ ಹೊಡೆದಿರಬೇಕು ಎಂದೆ. ಅರ್ಜಿಗೆ ಸಹಿ ಹಾಕಿ ಹೋದರು. ಡಿಸೆಂಬರ್ ಒಂದರಿಂದ ಬದಲಾವಣೆ.

ನವೆಂಬರ್ 19

ಗುಬ್ಬಿಯಿಂದ ಸಾಹೇಬರು ತಪಾಸಣೆಗೆ ಬಂದರು. ನನ್ನ ಹಳೆಯ ಉಪಾಯ — ಗೊತ್ತಿದ್ದವರು ಬಲಗೈ, ಗೊತ್ತಿಲ್ಲದವರು ಎಡಗೈ ಎತ್ತಬೇಕು. ನೋಡುವವರಿಗೆ ಕ್ಲಾಸೆಲ್ಲ ಕೈ. ನಾನು ಬಲಗೈಯವರನ್ನು ಮಾತ್ರ ಕೇಳುವುದು. ಜೂನಿನಿಂದ ಅಭ್ಯಾಸ.

ಆದರೆ ಸಾಹೇಬರು ತಾವೇ ಕೇಳಿದರು, ಅದೇ ‘ಡಿಡ್ ನಾಟ್ ವೆಂಟ್’ ಯಾಕೆ ತಪ್ಪು ಎಂದು. ತಾವೇ ಬೆರಳು ತೋರಿಸಿದರು — ದೀಪಿಕಾ. ಎಡಗೈ. ಮಾನ ಹೋಯಿತು ಅಂದುಕೊಂಡೆ.

“ಡಿಡ್ ಅಂದಾಗ್ಲೇ ನಿನ್ನೇದು ಅಂತ ಗೊತ್ತಾಯ್ತದೆ ಸಾ. ಒಂದ್ ಹಸೂಗೆ ಎರಡ್ ಹಗ್ಗ ಯಾಕೆ?”

ಸಾಹೇಬರು ಚಪ್ಪಾಳೆ ತಟ್ಟಿದರು. ನನಗೂ ಆಗಲೇ ಅರ್ಥವಾದದ್ದು. ಬೋರ್ಡಿನ ಮೇಲೆ ಬರಿ ಎಂದರು. ಎಡಗೈಯಲ್ಲಿ ಬರೆದಳು...

ಸಂಜೆ

ಎಡಚಿ. ಉಪಾಯ ಹೇಳಿಕೊಟ್ಟ ದಿನ ಯಡಿಯೂರು ದೇವಸ್ಥಾನಕ್ಕೆ ಹೋಗಿ ಕ್ಲಾಸಿಗೆ ಬಂದಿರಲಿಲ್ಲವಂತೆ. ಐದು ತಿಂಗಳು, ಗೊತ್ತಿದ್ದಾಗಲೆಲ್ಲ ಎಡಗೈ ಎತ್ತಿದ್ದಾಳೆ, ನಾನು ಗೊತ್ತಿಲ್ಲದವಳು ಎಂದು ಬಿಟ್ಟಿದ್ದೇನೆ. ಯಾವ ಕೈಯಲ್ಲಿ ಬರೆಯುತ್ತಾಳೆ ಎಂದು ನಾನು ಒಮ್ಮೆಯೂ ನೋಡಿಲ್ಲ. ನಾಚಿಕೆಯಾಗುತ್ತಿದೆ.

ನವೆಂಬರ್ 21

ಹೆಡ್‌ಮಾಸ್ಟರ್ ಲಕ್ಷ್ಮೀನರಸಿಂಹಯ್ಯನವರಿಗೆ ಹೇಳಿದೆ. ತಾಯಿಯೇ ಬಂದು ಅರ್ಜಿ ವಾಪಸು ಪಡೆಯಲಿ, ಕಾರಣ ಏನಾದರೂ ಹೇಳಿ, ಕೈ ವಿಷಯ ಮಾತ್ರ ಬೇಡ ಎಂದರು. ಸಾಹೇಬರ ಕಿವಿಗೆ ಬಿದ್ದರೆ ನನ್ನ ಕಥೆ ಮುಗಿಯಿತು. ಹೇಳದಿದ್ದರೆ ಕಾಪಿ ಹೊಡೆದವಳು ಅವಳೇ ಆಗಿ ಉಳಿಯುತ್ತಾಳೆ.

ನವೆಂಬರ್ 24

ಮನೆಗೇ ಹೋದೆ. ಎಲ್ಲ ಹೇಳಿದೆ. ವನಜಮ್ಮ ಕೊಟ್ಟಿಗೆ ಗುಡಿಸುವುದನ್ನು ನಿಲ್ಲಿಸಿದರು.

“ನಿಮ್ ಮಾತ್ ನಂಬ್ಕಂಡು ಅವತ್ತು ಹೊಡ್ದೆ ಮೇಡಮ್ಮೋರೆ ಅವ್ಳಿಗೆ.”

ಅರ್ಜಿ ವಾಪಸಿಗೆ ಒಪ್ಪಿದರು. ದೀಪಿಕಾ ಬಾಗಿಲಲ್ಲಿದ್ದಳು. ತಪ್ಪಾಯಿತು ಕಣಮ್ಮ ಎಂದೆ. ತಲೆ ಆಡಿಸಿದಳು, ಅಷ್ಟೆ.

ಡಿಸೆಂಬರ್ 2

ನನ್ನ ಕ್ಲಾಸಿನಲ್ಲೇ ಇದ್ದಾಳೆ. ಮೊದಲ ಬೆಂಚು. ಉಪಾಯ ಗಿಪಾಯ ಎಲ್ಲ ತೆಗೆದುಹಾಕಿದೆ, ಗೊತ್ತಿದ್ದವರು ಯಾವ ಕೈಯಾದರೂ ಎತ್ತಿ ಎಂದೆ. ಪಾಸ್ಟ್ ಟೆನ್ಸಿನದೇ ಪ್ರಶ್ನೆ. ನಾಲ್ಕು ಕೈ ಎದ್ದವು. ಅವಳದಿಲ್ಲ. ಉತ್ತರ ನೋಟ್‌ಬುಕ್ಕಿನಲ್ಲಿ ಸರಿಯಾಗಿ ಬರೆದಿದ್ದಾಳೆ, ನನಗೆ ಕಾಣುತ್ತಿದೆ. ಕಾದೆ. ಇನ್ನೂ ಸ್ವಲ್ಪ ಕಾದೆ. ಎರಡೂ ಕೈ ಡೆಸ್ಕಿನ ಕೆಳಗೆ...