ಮಂಡಿ ಇಲ್ಲದ ಪ್ರಾರ್ಥನೆ

ಪ್ರೀತಿಯ ಅಕ್ಕಾ,

ನನ್ನ ಅಕ್ಷರ ಕಂಡ ಕೂಡಲೇ ಹರಿದುಹಾಕಬೇಡ, ಪೂರ್ತಿ ಓದಿ ಆಮೇಲೆ ಹರಿ. ಅಮ್ಮ ಹೋಗಿ ಎರಡು ವರ್ಷವಾಯಿತು. ಅಂದಿನಿಂದ ನೀನು ನನ್ನ ಜೊತೆ ಮಾತು ಬಿಟ್ಟಿದ್ದೀಯ. ದೊಡ್ಡವಳು, ಅವಳೇ ಮೊದಲು ಮಾತಾಡಲಿ ಎಂದು ನಾನೂ ಬಿಗುಮಾನದಿಂದ ಕಾದೆ. ಇನ್ನು ಕಾಯುವುದಿಲ್ಲ.

ಈಸ್ಟರ್‌ಗೆ ಮುಂಚಿನ ತಪಸ್ಸು ಕಾಲ ಶುರುವಾಗಿದೆ. ಈ ನಲವತ್ತು ದಿನ ನಮ್ಮ ಚರ್ಚಿನ ಬಾಗಿಲಲ್ಲಿ ಒಂದು ಪೆಟ್ಟಿಗೆ ಇಡುತ್ತಾರಲ್ಲ, ಕೋರಿಕೆ ಚೀಟಿ ಹಾಕಲು. ಅವನ್ನು ಭಾನುವಾರ ಎಲ್ಲರ ಮುಂದೆ ಓದುವ ಕೆಲಸ ಈ ಸಲ ನನಗೆ ಬಂದಿದೆ. ‘ನೀವು ಎಂ.ಎ. ಓದಿದವರು, ಸ್ವಲ್ಪ ತಿದ್ದಿ ಓದಿ’ ಎಂದರು ಫಾದರ್. ನನಗೆ ಅಷ್ಟೇ ಸಾಕಿತ್ತು. ಶನಿವಾರ ಸಂಜೆಯೆಲ್ಲ ಕೂತು ತಿದ್ದಿದೆ. ಒಂದೊಂದು ಚೀಟಿಯನ್ನೂ ಕವಿತೆಯ ಸಾಲಿನಂತೆ ಮಾಡಿ, ನಿನ್ನೆ ಭಾನುವಾರ ನಿಧಾನವಾಗಿ ಓದಿದೆ. ಜನ ಹೊಗಳಿದರು. ನಾನು ಉಬ್ಬಿದೆ.

ಚರ್ಚಿನ ಮೆಟ್ಟಿಲು ತೊಳೆಯುವ ಅಜ್ಜಿ ಮಾತ್ರ ಹೊರಗೆ ನನ್ನನ್ನು ತಡೆದು ನಿಲ್ಲಿಸಿದಳು.

‘ನನ್ನ ಚೀಟಿ ಯಾಕೆ ಓದ್ಲಿಲ್ಲ ಟೀಚರ್?’

‘ಓದಿದೆನಲ್ಲ ಅಜ್ಜಿ, ಮೂರನೇದು. ದೇಹದ ಬಾಧೆಯಲ್ಲಿ ಬಳಲುವವರೆಲ್ಲರಿಗೂ ನಿನ್ನ ಸಾಂತ್ವನದ ಸ್ಪರ್ಶ ದೊರೆಯಲಿ ಅಂತ.’

‘ಅದು ನಂದಾ? ಅದ್ರಲ್ಲಿ ಮಂಡೀನೇ ಇರ್ಲಿಲ್ವಲ್ಲ. ಎಡಗಾಲು ಅಂತ ಬೇರೆ ಬರೆಸಿದ್ದೆ. ನೀವು ಹಿಂಗೆ ಮುಚ್ಚಿ ಹೇಳಿದ್ರೆ, ಅವನು ಹೋಗಿ ಬಲಗಾಲಿಗೆ ಕೈ ಹಾಕಿದ್ರೆ ನನ್ನ ಗತಿ ಏನು?’

ಪಕ್ಕದಲ್ಲಿದ್ದವರು ನಕ್ಕರು. ನಾನೂ ನಕ್ಕೆ. ಆದರೆ ಮನೆಗೆ ಬಂದು ಪ್ರಾರ್ಥನೆಗೆ ಕೂತಾಗ ನಗು ನಿಂತಿತು. ನಿನಗಾಗಿ ನಾನು ಎರಡು ವರ್ಷದಿಂದ ದಿನವೂ ಹೇಳುತ್ತಿದ್ದ ಪ್ರಾರ್ಥನೆ ಏನು ಗೊತ್ತೇ? ‘ಹರಿದ ಸಂಬಂಧಗಳನ್ನು ನಿನ್ನ ಕರುಣೆಯ ದಾರದಿಂದ ಹೊಲಿ.’ ಮೂವತ್ತು ವರ್ಷ ಹೊಲಿಗೆ ಮಿಷನ್ ತುಳಿದ ನಿನಗೆ ಕೇಳಿದರೆ ನಗು ಬರುತ್ತಿತ್ತು. ಅದರಲ್ಲಿ ನೀನೂ ಇರಲಿಲ್ಲ, ನಾನೂ ಇರಲಿಲ್ಲ. ಯಾರು ಹರಿದದ್ದು ಎಂಬುದಂತೂ ಇರಲೇ ಇಲ್ಲ.

ಅಮ್ಮನ ಅಂತ್ಯಕ್ರಿಯೆಯ ದಿನ ಅದೇ ಚರ್ಚಿನಲ್ಲಿ ನಿಂತು ಹೇಳಿದ್ದೆನಲ್ಲ, ‘ಇಬ್ಬರು ಹೆಣ್ಣುಮಕ್ಕಳ ಕೈಯಲ್ಲಿ ಅಮ್ಮ ನೆಮ್ಮದಿಯಾಗಿ ಕಣ್ಣು ಮುಚ್ಚಿದರು’ ಎಂದು. ಎಲ್ಲರೂ ಕಣ್ಣೊರೆಸಿಕೊಂಡರು. ನೀನು ಹೊರಗೆ ಬಂದು ಒಂದೇ ಮಾತು ಕೇಳಿದೆ: ‘ಇಬ್ಬರಾ? ಇನ್ನೊಬ್ಬಳು ಯಾರೇ?’ ನಾನು, ‘ಕೇಳೋರಿಗೆ ಚೆನ್ನಾಗಿರಲಿ ಅಂತ ಹೇಳಿದೆ, ಬಿಡಕ್ಕ’ ಅಂದೆ. ನೀನು ಬಿಟ್ಟೆ. ನನ್ನನ್ನೇ ಬಿಟ್ಟೆ.

ಹದಿನಾಲ್ಕು ತಿಂಗಳು ಅಮ್ಮನನ್ನು ಮಗ್ಗುಲು ಬದಲಿಸಿ ಮಲಗಿಸಿದವಳು ನೀನು. ಬಟ್ಟೆ ಬದಲಿಸಿದವಳು, ತುತ್ತು ಉಗುಳಿದಾಗ ಮತ್ತೆ ತಿನ್ನಿಸಿದವಳು, ಬೈಸಿಕೊಂಡವಳು ನೀನು. ನಾನು ಭಾನುವಾರ ಕಿತ್ತಳೆ ಹಣ್ಣು ಹಿಡಿದು ಬಂದು, ತಲೆಯ ಬಳಿ ಕೂತು ಪದ್ಯ ಓದಿ ಹೋಗುತ್ತಿದ್ದೆ. ಪರೀಕ್ಷೆ, ಮೌಲ್ಯಮಾಪನ ಎಂದು ನೆಪ ಹೇಳುತ್ತಿದ್ದೆ. ನಿಜ ಹೇಳುತ್ತೇನೆ ಅಕ್ಕಾ, ಇದನ್ನು ಯಾರಿಗೂ ಹೇಳಿಲ್ಲ. ಬೆನ್ನ ಹುಣ್ಣಿನ ವಾಸನೆ ನನಗೆ ತಡೆಯಲಾಗುತ್ತಿರಲಿಲ್ಲ. ಹೆತ್ತವಳ ವಾಸನೆಗೆ ಹೇಸಿದೆ. ಅದಕ್ಕೇ ಮಿಕ್ಕ ದಿನ ಬರಲಿಲ್ಲ.

ನಿನ್ನೆ ದೇವರಿಗೆ ಇದನ್ನೇ ಹೇಳಿದೆ. ‘ಅಮ್ಮನನ್ನು ನೋಡಿಕೊಂಡವಳು ಅಕ್ಕ. ನಾನು ಸುಳ್ಳು ಹೇಳಿದೆ. ಅಕ್ಕ ನನಗೆ ಬೇಕು.’ ಮೂರೇ ಮಾತು. ನಾಲ್ಕನೆಯದು ಸೇರಿಸಲು ಬಾಯಿ ತವಕಿಸಿತು, ಬೇಡವೆಂದು ಎದ್ದುಬಿಟ್ಟೆ. ಚಿಕ್ಕವರಿದ್ದಾಗ ನೀನು ನನ್ನ ಪಕ್ಕ ಮೊಣಕಾಲೂರಿ, ‘ದೇವ್ರೇ, ಇವಳ ಕೆಮ್ಮು ನಿಲ್ಲಿಸು, ನಂಗೆ ನಿದ್ದೆ ಬರ್ತಿಲ್ಲ’ ಎನ್ನುತ್ತಿದ್ದೆ. ಅಮ್ಮ ಸೆರಗಿನಲ್ಲಿ ನಗು ಮುಚ್ಚಿಕೊಳ್ಳುತ್ತಿದ್ದಳು. ಅಷ್ಟು ಓದಿಯೂ ನನಗೆ ನಿನ್ನ ಆ ಒಂದು ಸಾಲಿನ ಹತ್ತಿರ ಬರಲು ಇಷ್ಟು ವರ್ಷ ಬೇಕಾಯಿತು.

ಬರುವ ಭಾನುವಾರ ಎಲ್ಲರ ಚೀಟಿಯನ್ನೂ ಇದ್ದದ್ದು ಇದ್ದ ಹಾಗೆ ಓದುತ್ತೇನೆ. ಫಾದರ್‌ಗೆ ಹೇಳಿದ್ದೇನೆ. ಕೊನೆಯಲ್ಲಿ ನನ್ನದೊಂದು ಚೀಟಿಯೂ ಇರುತ್ತದೆ. ಅಮ್ಮನ ಬಗ್ಗೆ ಅಂದು ಹೇಳಿದ್ದು ಸುಳ್ಳು, ನೋಡಿಕೊಂಡವಳು ನನ್ನ ಅಕ್ಕ ಒಬ್ಬಳೇ ಎಂದು ಅದೇ ಜಾಗದಲ್ಲಿ, ಅದೇ ಜನರ ಮುಂದೆ ಓದುತ್ತೇನೆ. ನೀನು ಬರಬೇಕೆಂದಿಲ್ಲ. ನೀನು ಬಂದರೂ ಬಾರದಿದ್ದರೂ ಓದುತ್ತೇನೆ.

ಅದಕ್ಕೂ ಮುಂಚೆ, ಈ ಶನಿವಾರ ಹತ್ತು ಗಂಟೆಗೆ ನಿನ್ನ ಮನೆಗೆ ಬರುತ್ತೇನೆ. ಬಾಗಿಲು ತೆಗೆಯುವುದು ಬಿಡುವುದು ನಿನ್ನಿಷ್ಟ. ತೆಗೆಯದಿದ್ದರೆ ಒಂದು ಗಂಟೆ ಹೊರಗೆ ನಿಂತು ವಾಪಸಾಗುತ್ತೇನೆ, ಮುಂದಿನ ಶನಿವಾರ ಮತ್ತೆ ಬರುತ್ತೇನೆ. ಈಸ್ಟರ್‌ಗೆ ಮುಂಚೆ ಆರು ಶನಿವಾರಗಳಿವೆ. ಆಮೇಲೂ ಶನಿವಾರಗಳು ಬರುತ್ತವೆ.

ನನ್ನ ಮೇಲಿನ ಸಿಟ್ಟು ಇಳಿಯಲಿ, ಇಳಿಯದಿರಲಿ, ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ತಂಗಿ