ಟಿಪ್ಪಣಿ ಡಬ್ಬಿಯಲ್ಲಿ ಹಿಡಿಸದ್ದು

ಮನೆ,
ಮಾರ್ಚ್ 9, ಭಾನುವಾರ

ಪರಿಶೀಲಕ ಮಹಾಶಯರಿಗೆ,

ಅಂದರೆ ನನ್ನ ಗಂಡನಿಗೆ. ಇಬ್ಬರಲ್ಲಿ ಯಾರು ಈ ಲಕೋಟೆ ಒಡೆಯುತ್ತಾರೋ ಗೊತ್ತಿಲ್ಲದ್ದರಿಂದ ಇಬ್ಬರಿಗೂ ನಮಸ್ಕಾರ. ನಾನಿಲ್ಲಿ ಕ್ಷೇಮ ಎಂದು ಶುರು ಮಾಡುವುದು ವಾಡಿಕೆ. ಸುಳ್ಳು ಬರೆಯಲು ಮನಸ್ಸಿಲ್ಲ, ಆ ಸಾಲು ಬಿಟ್ಟಿದ್ದೇನೆ. ಬರೆಯುವುದು ತಡವಾಯಿತು, ಕ್ಷಮಿಸಿ. ಮೊದಲು ಬರೆದದ್ದರಲ್ಲಿ ಬೈಗುಳ ಹೆಚ್ಚಾಯಿತೆಂದು ಹರಿದೆ, ಆಮೇಲೆ ಬರೆದದ್ದರಲ್ಲಿ ಸಾಲಲಿಲ್ಲವೆಂದು ಹರಿದೆ. ಕಾಗದವೇ ಯಾಕೆ ಅಂದರೆ, ನಿಮ್ಮ ಆ್ಯಪ್‌ನ ಟಿಪ್ಪಣಿ ಡಬ್ಬಿಯಲ್ಲಿ ನನ್ನ ಸಿಟ್ಟು ಹಿಡಿಸುವುದಿಲ್ಲ. ಎರಡು ಸಾಲಾಗುತ್ತಲೇ ಅಕ್ಷರ ಮುಗಿಯಿತೆಂದು ಕೆಂಪಗಾಗುತ್ತದೆ. ಫೋನ್ ಮಾಡೋಣವೆಂದರೆ ನೀವು ಹೊತ್ತುಹೊತ್ತಿಗೂ ಮೀಟಿಂಗ್‌ನಲ್ಲಿರುತ್ತೀರಿ.

ಮೊದಲು ಮುಖ್ಯ ವಿಷಯ. ಮುಂದಿನ ವಾರ ಕಡಲಾಮೆ ಯೋಜನೆಯ ದೊಡ್ಡವರಿಗೆ ನಮ್ಮ ದಂಡೆ ತೋರಿಸಲು ಬರುತ್ತೀರಂತೆ. ನಿಮ್ಮ ತಂಗಿ ಹೇಳಿದಳು. ನೀವು ನನಗೆ ಹೇಳಲಿಲ್ಲ, ಇರಲಿ. ಬನ್ನಿ. ಆದರೆ ಈ ಮನೆಗೆ ಬರಬೇಡಿ. ಅವರ ಜೊತೆಗೇ ಗೆಸ್ಟ್‌ಹೌಸ್‌ನಲ್ಲಿ ಇಳಿದುಕೊಳ್ಳಿ. ಇದು ಮುನಿಸಲ್ಲ, ಎರಡು ದಿನಕ್ಕೆ ಇಳಿದುಹೋಗುವಂಥದ್ದೂ ಅಲ್ಲ.

ನೀವು ಹೆಡ್ ಆಫೀಸಿಗೆ ಹೋಗಿ, ನಾವು ದಂಡೆಯಿಂದ ಕಳಿಸುವ ಗೂಡಿನ ದಾಖಲೆಗಳಿಗೆ ಪರಿಶೀಲಕರಾದ ಮೇಲೆ ನನಗೆ ಬಂದ ಪ್ರೇಮಪತ್ರಗಳನ್ನು ನೀವೇ ಓದಿ ನೋಡಿ. ‘ಫೋಟೋ ಮಸುಕಾಗಿದೆ.’ ‘ಅಳತೆಪಟ್ಟಿ ಕಾಣುತ್ತಿಲ್ಲ.’ ‘ಆಮೆ ಜಾಡಿನ ಅಗಲ ನಮೂದಿಸಿಲ್ಲ, ಮರುಸಲ್ಲಿಸಿ.’ ಬೆಳಕು ಹರಿಯುತ್ತಲೇ ನಾನು ಮರಳಿನಲ್ಲಿ ಮಂಡಿಯೂರಿ, ಒಂದು ಕೈಯಲ್ಲಿ ಪಟ್ಟಿ, ಇನ್ನೊಂದರಲ್ಲಿ ಫೋನು, ಹಲ್ಲಿನಲ್ಲಿ ಅದರ ಪ್ಲಾಸ್ಟಿಕ್ ಚೀಲ ಕಚ್ಚಿಕೊಂಡು ತೆಗೆದ ಫೋಟೋ ಅದು. ದಂಡೆಯ ಇನ್ನರ್ಧದಲ್ಲಿ ಗೂಡು ಹುಡುಕುತ್ತ ನಡೆಯುವ ನಿಮ್ಮ ತಂಗಿಗೂ ಇದೇ ಪಾಡು. ಅವಳು ಅವತ್ತು ಹೇಳಿದಳು:

“ಅತ್ತಿಗೆ, ಊಟದ ತಟ್ಟೆ ಪಕ್ಕ ಆ ಪಟ್ಟಿ ಇಟ್ಟು ಒಂದು ಫೋಟೋ ಕಳ್ಸಿ. ಆಗಲಾದ್ರೂ ಅಣ್ಣ ಊಟ ಆಯ್ತಾ ಅಂತ ಕೇಳ್ತಾನೇನೋ.”

“ಕೇಳಲ್ಲ ಕಣೆ. ತಟ್ಟೆ ಮಸುಕಾಗಿದೆ, ಇನ್ನೊಂದ್ಸಲ ಉಣ್ಣಿ ಅಂತಾರೆ” ಅಂದೆ.

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಕ್ಕದ್ದು ನಿಮ್ಮನ್ನೇ, ಅನುಮಾನ ಬೇಡ.

ಫೋನಿನ ಮೇಲೆ ನನಗೆ ಹಗೆಯಿಲ್ಲ. ಗೂಡುಗಳೆಲ್ಲ ನಕ್ಷೆಯಲ್ಲಿ ಚುಕ್ಕಿಗಳಾಗಿ ಬಿದ್ದ ಮೇಲೆಯೇ ಹೋಟೆಲಿನವನು ಮರಿಗಳ ದಾರಿ ತಪ್ಪಿಸುತ್ತಿದ್ದ ದಂಡೆ ಕಡೆಯ ದೀಪ ಆರಿಸಿದ್ದು. ನಾವು ಬಾಯಲ್ಲಿ ಹೇಳುತ್ತಿದ್ದಾಗ “ಆಯ್ತಮ್ಮ, ನೋಡೋಣ” ಅನ್ನುತ್ತಿದ್ದ. ಒಳ್ಳೆಯದನ್ನು ಒಳ್ಳೆಯದು ಅನ್ನಲು ನನಗೇನೂ ಕಷ್ಟವಿಲ್ಲ. ನನ್ನ ಜಗಳ ಫೋನಿನ ಆ ತುದಿಯಲ್ಲಿ ಕೂತವರ ಜೊತೆ.

ತಡೆಗೋಡೆಯ ಪಕ್ಕದ ಗೂಡಿನ ಕಥೆ ಗೊತ್ತಿದೆ ಅಂದುಕೊಂಡಿದ್ದೀರಿ. ಗೊತ್ತಿಲ್ಲ. ಆ ಬೆಳಗ್ಗೆ ಆಮೆ ಹೆಚ್ಚು ಮೇಲೆ ಹತ್ತದೆ, ನೀರು ಮುಟ್ಟುವ ಜಾಗದಲ್ಲೇ ಮೊಟ್ಟೆ ಇಟ್ಟು ಹೋಗಿತ್ತು. ಅಂಥ ಗೂಡನ್ನು ಬಿಸಿಲೇರುವ ಮೊದಲೇ ಮೇಲಿನ ಬೇಲಿಯೊಳಕ್ಕೆ ಸಾಗಿಸಬೇಕು, ತಡವಾದರೆ ಒಳಗಿನ ಜೀವ ಕದಡುತ್ತದೆ ಎಂದು ನನಗೆ ಕಲಿಸಿದವರು ನೀವೇ. ಆಗ ನೀವು ಬಕೆಟ್ಟಿನಲ್ಲಿ ಮೊಟ್ಟೆ ಹೊತ್ತು, ಉಸಿರು ಬಿಗಿಹಿಡಿದು ನಡೆಯುತ್ತಿದ್ದಿರಿ. ಪಕ್ಕದಲ್ಲಿ ನಾನು ಸೀನಿದರೆ ಕಣ್ಣಲ್ಲೇ ಗದರುತ್ತಿದ್ದಿರಿ. ಆ ಮನುಷ್ಯನನ್ನು ನೋಡಿಯೇ ನಾನು ಮದುವೆಗೆ ಹೂಂ ಅಂದದ್ದು.

ಈಗ ನಿಯಮ ಬೇರೆ. ಆ್ಯಪ್‌ನಲ್ಲಿ ಅನುಮತಿ ಬರದೆ ಮೊಟ್ಟೆ ಮುಟ್ಟುವಂತಿಲ್ಲ, ಮುಟ್ಟಿದವರಿಗೆ ಮರುದಿನ ಕೆಲಸವಿಲ್ಲ. ಸರಿ, ಫೋಟೋ ಕಳಿಸಿದೆ. ಮಸುಕಿರಲಿಲ್ಲ. ನಿಮ್ಮ ಉತ್ತರವೂ ಬೇಗ ಬಂತು: ‘ಗುರುತು ಸಮುದ್ರದೊಳಗೆ ಬಿದ್ದಿದೆ. ಸ್ಥಳ ಸರಿಪಡಿಸಿ.’ ನಿಮ್ಮ ಪರದೆಯ ಮೇಲಿನ ನಕ್ಷೆ ಹಳೆಯದು. ತಡೆಗೋಡೆ ಕಟ್ಟುವ ಮೊದಲು ಅಲ್ಲಿ ನೀರಿತ್ತು, ಈಗ ಮರಳು ತುಂಬಿದೆ. ಇದು ನಿಮಗೆ ಗೊತ್ತಿಲ್ಲದ್ದೇನಲ್ಲ. ಆ ಮರಳಿನ ಮೇಲೆ ಕೂತು ನನ್ನ ಜೊತೆ ಕಡಲೆಕಾಯಿ ತಿಂದಿದ್ದೀರಿ. ಮತ್ತೆ ಕಳಿಸಿದೆ. ಮತ್ತೆ ಸಮುದ್ರ. ಕೊನೆಗೆ ಫೋನ್ ಮಾಡಿದೆ.

“ಮೀಟಿಂಗ್‌ನಲ್ಲಿದೀನಿ. ಏನಿದ್ರೂ ಆ್ಯಪಲ್ಲೇ ಹಾಕು” ಅಂದಿರಿ.

“ರೀ, ನಾನು ನಿಂತಿರೋದು ಮರಳ ಮೇಲೆ ಕಣ್ರೀ! ಕಾಲು ಕೂಡ ಒದ್ದೆ ಆಗಿಲ್ಲ!”

“ಸಿಸ್ಟಮ್ ತಗೋತಿಲ್ಲ ಅಂದ್ರೆ ನಾನೇನ್ಮಾಡ್ಲಿ? ಪರ್ಸನಲ್ಲಾಗಿ ತಗೋಬೇಡ.”

ನಿಮ್ಮ ತಂಗಿ ಬಕೆಟ್ ಹಿಡಿದು ನಿಂತೇ ಇದ್ದಳು. “ಎತ್ಬಿಡೋಣ ಅತ್ತಿಗೆ, ಆಮೇಲೆ ಆಗಿದ್ದಾಗ್ಲಿ” ಅಂದಳು. ಬೇಡ ಅಂದೆ. ಅವಳ ಕೆಲಸವೂ ಹೋಗುತ್ತಿತ್ತು, ಅವಳ ಮನೆ ನಡೆಯುವುದೇ ಅದರಿಂದ. ಮಧ್ಯಾಹ್ನದ ಉಬ್ಬರಕ್ಕೆ ಗೂಡು ಕಿತ್ತುಹೋಯಿತು. ಮೊಟ್ಟೆಗಳು ತಡೆಗೋಡೆಯ ಕಲ್ಲಿಗೆ ಬಡಿದು ಒಡೆಯುತ್ತಿದ್ದವು. ಕಾಗೆಗಳು ಆಗಲೇ ಬಂದು ಸಾಲಾಗಿ ಕೂತಿದ್ದವು. ಅವಳು ಬಕೆಟ್ ಎಸೆದು ಮನೆಗೆ ಹೋದಳು. ನಾನು ಅಲ್ಲೇ ಇದ್ದೆ. ಸಂಜೆ ಫೋನು ಟಿಂಗ್ ಅಂದಿತು: ‘ಸ್ಥಳಾಂತರಕ್ಕೆ ಅನುಮತಿ ನೀಡಲಾಗಿದೆ. ಶುಭವಾಗಲಿ!’ ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ. ಕೊನೆಗೆ ಚಪ್ಪಾಳೆ ತಟ್ಟುವ ಎರಡು ಹಳದಿ ಕೈ ಬೇರೆ. ಆ ಕೈಗಳನ್ನು ಹಿಡಿದು ತಿರುಚಬೇಕು ಅನ್ನಿಸಿತು.

ಪರ್ಸನಲ್ಲಾಗಿ ತೆಗೆದುಕೊಳ್ಳಬೇಡ ಅಂದಿರಲ್ಲ, ಮತ್ತೆ ಹೇಗೆ ತೆಗೆದುಕೊಳ್ಳಲಿ? ನಾನು ಮದುವೆಯಾದದ್ದು ಸಿಸ್ಟಮ್ಮನ್ನಲ್ಲ. ನನಗೆ ನಿಮ್ಮನ್ನು ಕಂಡರೆ ಈಗ ಅಸಹ್ಯ. ಬರೆದ ಮೇಲೆ ಈ ಮಾತನ್ನು ಹೊಡೆದುಹಾಕೋಣವೆಂದು ಪೆನ್ನು ಎತ್ತಿದೆ, ಬಿಟ್ಟೆ. ಇರಲಿ, ಓದಿ.

ದೊಡ್ಡವರಿಗೆ ದಂಡೆ ತೋರಿಸುವ ಕೆಲಸ ನನ್ನದೇ, ಮಾಡುತ್ತೇನೆ. ಎಲ್ಲರೆದುರು ಮುಖ ಗಂಟಿಕ್ಕುವುದಿಲ್ಲ, ನಿಮ್ಮನ್ನು ‘ಸರ್’ ಅನ್ನುತ್ತೇನೆ. ನಿಮ್ಮ ಬಟ್ಟೆಬರೆ ಒಗೆದು ಮಡಿಸಿ ನಿಮ್ಮ ತಂಗಿಯ ಮನೆಯಲ್ಲಿಟ್ಟಿದ್ದೇನೆ. ಬಾಗಿಲ ಬೀಗ ಬದಲಾಗಿದೆ, ಜೇಬಿನಲ್ಲಿರುವ ಕೀಲಿ ನಂಬಿಕೊಂಡು ಬರಬೇಡಿ.

ನಿಮಗೆ ಆಯುಷ್ಯ, ಆರೋಗ್ಯ, ನೆಟ್‌ವರ್ಕ್ ಮೂರೂ ಚೆನ್ನಾಗಿರಲಿ. ನಿಮ್ಮ ಆ್ಯಪ್ ನೂರು ವರ್ಷ ಬಾಳಲಿ.

ಇಂತಿ,
ಪರಿಶೀಲನೆ ಬಾಕಿಯಿರುವ ನಿಮ್ಮ ಹೆಂಡತಿ

ತಾ.ಕ.: ಒಂದು ಗೂಡಿಗೆ ಇಷ್ಟು ಸಿಟ್ಟೇ ಎಂದು ಕೇಳುತ್ತೀರಿ, ನನಗೆ ಗೊತ್ತು. ನಾನು ಬಸುರಿಯಾಗಿದ್ದೆ. ಹೋದ ಸಲದ ಹಾಗೆ ಬೇಗ ಹೇಳಿ ನಿಮ್ಮನ್ನು ಕುಣಿಸಿ, ಆಮೇಲೆ ಅಳಿಸುವುದು ಬೇಡ, ಬಂದಾಗ ಎದುರಿಗೇ ಹೇಳೋಣವೆಂದು ಸುಮ್ಮನಿದ್ದೆ. ಹೋದ ತಿಂಗಳು ಅದೂ ಹೋಯಿತು. ಆಸ್ಪತ್ರೆಗೆ ಕರೆದೊಯ್ದವಳು ನಿಮ್ಮ ತಂಗಿ. ಅಣ್ಣನಿಗೆ ನಾನೇ ಹೇಳುತ್ತೇನೆಂದು ಅವಳಿಂದ ಆಣೆ ಮಾಡಿಸಿಕೊಂಡೆ. ನೀವು ಫೋನ್ ಎತ್ತಲಿಲ್ಲ, ಎತ್ತಿದ ದಿನ ಮಾತಾಡಲು ಬಿಡಲಿಲ್ಲ. ನಾನು ಮತ್ತೆ ದಂಡೆಗೆ ಹೋದ ಮೊದಲ ಬೆಳಗ್ಗೆ, ಆಮೆಯೊಂದು ಮೇಲೆ ಬಂದು ಮೊಟ್ಟೆ ಇಡದೆ ಹಿಂತಿರುಗಿದ ಜಾಡಿತ್ತು. ನಾನು ಬರೆದದ್ದರಲ್ಲಿ ನೀವು ತಪ್ಪದೆ ಓದುವುದು ಆ್ಯಪ್‌ನ ದಾಖಲೆಗಳನ್ನು ಮಾತ್ರ. ಅದಕ್ಕೇ ಆ ಜಾಡಿನ ಟಿಪ್ಪಣಿಯಲ್ಲಿ ಬರೆದೆ: ‘ಈ ಸಲವೂ ನಿಲ್ಲಲಿಲ್ಲ.’ ಹೋದ ಸಲ ನಾನು “ನಿಲ್ಲಲಿಲ್ಲ ಕಣ್ರೀ” ಅಂದಾಗ ನೀವು ಅಡುಗೆಮನೆಯ ನೆಲದ ಮೇಲೆ ನನ್ನ ಪಕ್ಕ ಕೂತು ಅತ್ತಿದ್ದಿರಿ. ಆ ಮಾತು ನಿಮಗೆ ತಿಳಿಯದ್ದಲ್ಲ. ನಿಮ್ಮ ಉತ್ತರ ಬಂತು: ‘ಟಿಪ್ಪಣಿ ಅಸ್ಪಷ್ಟ. ಪಟ್ಟಿಯಿಂದ ಆರಿಸಿ: ಮೊಟ್ಟೆ ಇಟ್ಟಿದೆ / ಇಡದೆ ಮರಳಿದೆ.’

ಎರಡನೆಯದನ್ನು ಒತ್ತಿ ಕಳಿಸಿದೆ. ತಕ್ಷಣ ಅನುಮೋದಿಸಿದಿರಿ.