ಗುಳ್ಳೆ ಕಾಯುವ ಕೆಲಸ

ಮಕ್ಕಳ ಆಸ್ಪತ್ರೆ, ಎರಡನೇ ಮಹಡಿ, ಮೆಟ್ಟಿಲ ಪಕ್ಕದ ಬೆಂಚು
ಬುಧವಾರ, ಹದಿನಾಲ್ಕನೇ ತಾರೀಕು, ಮಧ್ಯಾಹ್ನ

ಪ್ರೀತಿಯ ಗುಬ್ಬೀ,

ಹೊಲಿಗೆ ನೋವು ಹೇಗಿದೆ? ಬಿ.ಪಿ. ಇಳಿಯಿತಾ? ಕೆಮ್ಮು ಬಂದಾಗ ಹೊಟ್ಟೆಗೆ ದಿಂಬು ಒತ್ತಿ ಹಿಡಿದುಕೋ, ಇಲ್ಲಿನ ಬಾಣಂತಿಯರು ಹಾಗೇ ಮಾಡುತ್ತಾರೆ. ನಿನ್ನ ಗಂಡ ಪಕ್ಕದಲ್ಲಿ ಕೂತು ನಿನಗಿಂತ ಜಾಸ್ತಿ ಅಳುತ್ತಿದ್ದರೆ ಟೀ ತರಲು ಆಚೆ ಕಳಿಸು.

ಫೋನು ಇರುವಾಗ ಪತ್ರ ಯಾಕೆ ಅಂತೀಯೇನೋ. ಫೋನಿನಲ್ಲಿ ನೀನು ಅಳುವುದಕ್ಕೆ ಶುರು ಮಾಡಿದರೆ ನನ್ನ ಬಾಯಿ ಕಟ್ಟುತ್ತದೆ, ಜೀವಮಾನದಲ್ಲಿ ಒಂದು ಸಲವೂ ಕಟ್ಟದ ಬಾಯಿ. ಸೋಮವಾರ ಪಾಪುವನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಆಂಬುಲೆನ್ಸಿಗೆ ಹತ್ತಿಸುವಾಗ ನೀನು ಮಲಗಿದ್ದಲ್ಲಿಂದಲೇ ನನ್ನ ಅಂಗಿ ಜಗ್ಗಿ, "ಚಿಕ್ಕಪ್ಪಾ, ಕೊಚ್ಚಿಕೊಳ್ಳಬೇಡ, ಇದ್ದದ್ದು ಇದ್ದ ಹಾಗೆ ಹೇಳು" ಅಂದೆಯಲ್ಲ, ಆ ಅಂಗಿಯಲ್ಲೇ ಇದ್ದೇನೆ ಇನ್ನೂ. ಎರಡು ದಿನದಿಂದ ಈ ಬೆಂಚಿನ ಮೇಲೆ ಕೂತು ಬೆನ್ನು ಹಲಗೆಯಾಗಿದೆ. ಮೂರು ಗಂಟೆಗೆ ಆಂಬುಲೆನ್ಸ್ ಡ್ರೈವರು ನಿಮ್ಮ ಆಸ್ಪತ್ರೆ ಕಡೆ ಹೊರಡುತ್ತಾನೆ, ಅವನ ಕೈಯಲ್ಲಿ ಇದನ್ನು ಕೊಡುತ್ತೇನೆ.

ಪಾಪು ಏಳು ವಾರ ಮುಂಚೆ ಬಂದುಬಿಟ್ಟನಲ್ಲ, ಅವನ ಶ್ವಾಸಕೋಶ ಇನ್ನೂ ಬಲಿತಿಲ್ಲ. ಉಸಿರು ಬಿಟ್ಟಾಗಲೆಲ್ಲ ಒಳಗಿನ ಪುಟ್ಟ ಪುಟ್ಟ ಚೀಲಗಳು ಅಂಟಿಕೊಂಡು ಕೂರುತ್ತವಂತೆ. ಹೊಸ ಸೈಕಲ್ ಟ್ಯೂಬು ಡಬ್ಬಿಯಿಂದ ತೆಗೆದಾಗ ಅಂಟಿಕೊಂಡಿರುತ್ತದೆ ನೋಡು, ಹಾಗೆ. ನಾನು ಈ ಹೋಲಿಕೆ ಕೊಟ್ಟಾಗ ಡಾಕ್ಟರಮ್ಮ ಒಂದು ನಿಮಿಷ ನನ್ನ ಮುಖವನ್ನೇ ನೋಡಿ, "ಸರಿಯಾಗಿ ಹೇಳಿದಿರಿ" ಅಂದರು. ನಲವತ್ತು ವರ್ಷ ಪಂಕ್ಚರ್ ಅಂಗಡಿ ನಡೆಸಿದ್ದು ದಂಡವಾಗಲಿಲ್ಲ. ಅದಕ್ಕೇ ಮೂಗಿಗೆ ಎರಡು ಸಣ್ಣ ನಳಿಗೆ ಇಟ್ಟು ಗಾಳಿ ಒತ್ತಿ ಕೊಡುತ್ತಾರೆ, ಚೀಲ ಮುಚ್ಚದೆ ಇರಲಿ ಅಂತ.

ಆ ಡಾಕ್ಟರಮ್ಮನ ಹತ್ತಿರ ಒಂದು ಹಾಳೆ ಇದೆ. ಉಸಿರು ನಿಮಿಷಕ್ಕೆ ಎಷ್ಟು, ಪಕ್ಕೆ ಒಳಕ್ಕೆ ಎಳೆಯುತ್ತಾ, ನರಳುತ್ತಾನಾ, ಮೈ ನೀಲಿಯಾಗಿದೆಯಾ, ಎದೆಯೊಳಗೆ ಗಾಳಿ ಹೋಗುವ ಸದ್ದು ಕೇಳುತ್ತಾ, ಒಂದೊಂದಕ್ಕೂ ಸೊನ್ನೆಯಿಂದ ಎರಡರವರೆಗೆ ಮಾರ್ಕು. ಒಟ್ಟು ಹತ್ತು. ಮುಂದೆ ಮಗುವಿಗೆ ಯಾವ ತೊಂದರೆ ಬರಬಹುದು ಅಂತ ಬರುವ ಮೊದಲೇ ಅಂದಾಜು ಮಾಡಲು ಈ ಲೆಕ್ಕ. ಇದರಲ್ಲಿ ಮಾರ್ಕು ಕಮ್ಮಿ ಬಂದಷ್ಟೂ ಒಳ್ಳೆಯದು. ನಮ್ಮ ವಂಶಕ್ಕೆ ಹೇಳಿ ಮಾಡಿಸಿದ ಪರೀಕ್ಷೆ. ಏಳನೇ ಕ್ಲಾಸಿನಲ್ಲಿ ನಾನು ತೆಗೆದ ಮಾರ್ಕನ್ನು ಇವನು ತೆಗೆದರೆ ನಾಳೆಯೇ ಮನೆಗೆ ಕಳಿಸುತ್ತಾರೆ. ಏಳಕ್ಕೆ ಹೋದರೆ ಮಾತ್ರ ಗಂಟಲಿಗೆ ನಳಿಗೆ ಇಳಿಸಿ ದೊಡ್ಡ ಮಷೀನಿಗೆ ಕೊಡಬೇಕು, ಶ್ವಾಸಕೋಶದಿಂದ ಗಾಳಿ ಸೋರುವ ಭಯವೂ ಇದೆ ಅಂದರು. ಮೊದಲ ಮೂರು ದಿನ ದಾಟಿದರೆ ಅರ್ಧ ಗೆದ್ದಂತೆ. ಸೋಮವಾರ ಐದು ಇತ್ತು. ಈಗ ನಾಲ್ಕು. ಉಸಿರು ಎಣಿಸುವುದರಲ್ಲಿ ನಾನೂ ಪಳಗಿದ್ದೇನೆ. ನರ್ಸಮ್ಮ ಗಡಿಯಾರ ಹಿಡಿದು ಎಣಿಸಿ ಎಪ್ಪತ್ತು ಅಂದರೆ ನನ್ನದು ಎಪ್ಪತ್ತೆರಡು. ಎರಡು ಅವಳೇ ಬಿಟ್ಟಿರಬೇಕು.

ಒಂದು ತಮಾಷೆ ಹೇಳುತ್ತೇನೆ, ಹೊಲಿಗೆ ಹಿಡಿದುಕೊಂಡು ನಗು. ಆ ಗಾಳಿಯ ನಳಿಗೆಯ ಇನ್ನೊಂದು ತುದಿ ನೀರಿನ ಬಾಟಲಿಯಲ್ಲಿ ಮುಳುಗಿರುತ್ತದೆ, ಗುಳುಗುಳು ಅಂತ ಗುಳ್ಳೆ ಬರುತ್ತಲೇ ಇರುತ್ತದೆ. ಪಕ್ಕದ ಪೆಟ್ಟಿಗೆಯ ಮಗುವಿನ ಕಡೆಯ ಮುದುಕನೊಬ್ಬ, ಎಲ್ಲ ತನಗೇ ಗೊತ್ತು ಅನ್ನುವ ಜಾತಿ, ನೀರಿನಲ್ಲಿ ಗುಳ್ಳೆ ಬಂತೆಂದರೆ ಸೋರುತ್ತಿದೆ ಅಂತ ನಳಿಗೆಯನ್ನು ಬೆರಳಲ್ಲಿ ಅಮುಕಿ ಹಿಡಿದನಂತೆ. ಮಷೀನು ಕಿರುಚಿಕೊಂಡಿತು. ನರ್ಸಮ್ಮ ಓಡಿಬಂದು ಅವನ ಕೈಗೆ ಫಟ್ಟನೆ ಕೊಟ್ಟು, "ತಾತಾ, ಇಲ್ಲಿ ಗುಳ್ಳೆ ಬಂದರೆ ಕ್ಷೇಮ, ನಿಂತರೆ ಅಪಾಯ" ಅಂದಳು. ಇಂಥವರ ಮಧ್ಯೆ ಒಬ್ಬ ಬುದ್ಧಿವಂತ ಬೇಕಲ್ಲ ಅಂತ ಗುಳ್ಳೆ ಕಾಯುವ ಕೆಲಸವನ್ನು ನನಗೇ ವಹಿಸಿದ್ದಾರೆ. ಇವತ್ತು ಬೆಳಿಗ್ಗೆ ನರ್ಸುಗಳೆಲ್ಲ ಇನ್ನೊಂದು ಮಗುವಿನ ಸುತ್ತ ಇದ್ದಾಗ ನಮ್ಮ ಬಾಟಲಿ ಸದ್ದಿಲ್ಲದೆ ನಿಂತುಹೋಯಿತು. ನಾನು ಹಾಕಿದ ಕೂಗಿಗೆ ಕೆಳಗಿನ ಮಹಡಿಯ ವಾಚ್‌ಮನ್ ಕೂಡ ಬಂದ. ಪಾಪು ತಲೆ ತಿರುಗಿಸಿದ್ದಕ್ಕೆ ಮೂಗಿನ ನಳಿಗೆ ಜಾರಿತ್ತು, ಅಷ್ಟೇ. ಸರಿಮಾಡಿದರು. ಮತ್ತೆ ಗುಳುಗುಳು. ಆಗಿನಿಂದ ಕಣ್ಣು ಮುಚ್ಚಿದರೂ ಅದೇ ಸದ್ದು.

ಸುಸ್ತಾಗಿದೆ ಗುಬ್ಬೀ, ಅಕ್ಷರ ಓರೆಯಾಗುತ್ತಿವೆ. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ಮಗ ನಿನ್ನ ಮಡಿಲಲ್ಲಿ ಕಿರುಚಿ ಕಿರುಚಿ ಅತ್ತು, ನೀನು ನಿದ್ದೆಗೆಟ್ಟು ನನ್ನನ್ನು ಬೈಯುವ ದಿನ ಬೇಗ ಬರಲಿ. ಅಳಿಯಂದಿರಿಗೆ ಧೈರ್ಯ ಹೇಳಿದೆ ಅನ್ನು.

ನಿನ್ನ
ಚಿಕ್ಕಪ್ಪ

ತಾ.ಕ.: ಡ್ರೈವರು ಗಾಡಿ ಚಾಲೂ ಮಾಡಿದ್ದಾನೆ. ಆ ಮುದುಕ ನಾನೇ. ಹತ್ತು ಎಣಿಸುವಷ್ಟು ಹೊತ್ತು ಅಮುಕಿ ಹಿಡಿದಿದ್ದೆ. ಅದರಿಂದೇನೂ ಆಗಿಲ್ಲ ಅಂತ ಡಾಕ್ಟರಮ್ಮ ಎಷ್ಟು ಸಲ ಹೇಳಿದರೂ ನನ್ನ ಬೆರಳು ಒಪ್ಪುತ್ತಿಲ್ಲ. ಗುಳ್ಳೆ ಕಾಯಲು ಕೂರಿಸಿದ್ದು ನಾನು ಕೈಕಟ್ಟಿ ಇರಲಿ ಅಂತ. ನಾಲ್ಕು ಅನ್ನುವುದು ನಿನ್ನೆಯ ಮಾರ್ಕು. ಇವತ್ತು ಬೆಳಿಗ್ಗೆ ಐದು, ಈಗ ಆರು. ಮಷೀನಿಗೆ ಹಾಕಬೇಕಾಗಬಹುದು, ತಾಯಿ ಹತ್ತಿರವಿದ್ದರೆ ಒಳ್ಳೆಯದು ಅಂತ ಡಾಕ್ಟರಮ್ಮ ನಿಮ್ಮ ಡಾಕ್ಟರಿಗೆ ಫೋನು ಮಾಡಿ ಒಪ್ಪಿಸಿದ್ದಾರೆ. ಇದೇ ಗಾಡಿಯಲ್ಲಿ ಮಲಗಿಕೊಂಡೇ ಬಾ. ಪೆಟ್ಟಿಗೆಯ ಕಿಂಡಿಯಲ್ಲಿ ಬೆರಳು ಕೊಟ್ಟರೆ ಹಿಡಿಯುತ್ತಾನೆ. ನನ್ನದು ಒರಟು, ಬಿಟ್ಟುಬಿಡುತ್ತಾನೆ. ಗುಳ್ಳೆ ಬರುತ್ತಿದೆ, ಈಗಷ್ಟೇ ನೋಡಿ ಬಂದೆ. ಇದು ಕೊಚ್ಚಿಕೊಂಡಿದ್ದಲ್ಲ.